ಸಂಜೆ ಬಂದು ಹೇಳುವ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಒಬ್ಬರ ಮಾತು ಒಬ್ಬರಿಗೆ ಬಾರದ ಈ ಅತ್ತೆ-ಸೊಸೆಗೂ ಇಲ್ಲ ಎಂದು ಓಣಿಯವರು ನಗುತ್ತಿದ್ದರು. ಸೊಸೆಯ ಭಾಷೆ ಬೇರೆ. ಅವಳೂ ಗಂಡನೂ ಇಂಗ್ಲಿಷಿನಲ್ಲೇ ಸಂಸಾರ ಮಾಡಿದವರು. ಈಗ ಆ ಮಗನಿಲ್ಲ. ಹೆಂಗಸರಿಬ್ಬರೂ ಕೈಸನ್ನೆಯಲ್ಲೇ ದಿನ ದೂಡುತ್ತಿದ್ದರು, ಓಣಿಯವರ ನಗುವೂ ನಿಂತಿತ್ತು.

ಅತ್ತೆ ಟೈಲರ್ ಅಂಗಡಿಯಲ್ಲಿ ಕಾಜಾ-ಗುಂಡಿ ಕೆಲಸದವಳು. ಮಗ ತೀರಿಕೊಂಡ ದಿನ ಬೆಳಿಗ್ಗೆ ಅವನು ಅಂಗಿ ಹಿಡಿದು ಬಂದು, "ಅಮ್ಮಾ, ಒಂದು ಗುಂಡಿ ಹಾಕ್ಕೊಡು" ಎಂದಿದ್ದ.

"ನನ್ನ ಕೇಳಿ ಕಟ್ಕೊಂಡ್ಯಾ? ಅವಳ ಕೈಲೇ ಹಾಕಿಸ್ಕೊ ಹೋಗು."

ಊರವರ ಅಂಗಿಗೆಲ್ಲ ಗುಂಡಿ ಹಾಕುವ ಕೈ, ಹೆತ್ತ ಮಗನಿಗೆ ಹಾಕಲಿಲ್ಲ! "ನಿನ್ನ ಹಂಗೇ ಬೇಡ" ಎಂದು ಅವನು ಹೊರಟುಬಿಟ್ಟ. ಮಧ್ಯಾಹ್ನ ಅವನ ಸ್ಕೂಟರಿಗೆ ಲಾರಿ ಬಡಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅದಕ್ಕೆ ಸ್ವಲ್ಪ ಮುಂಚೆ ಅವನು ಹೆಂಡತಿಯ ಫೋನಿಗೆ ಏನನ್ನೋ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದ್ದ. ಸೊಸೆ ದಿನವೂ ಕೆಲಸದಿಂದ ಬಂದು ಅದನ್ನು ಹಾಕಿಕೊಂಡು ಕೇಳುತ್ತಿದ್ದಳು. ಬಾಗಿಲಾಚೆ ನಿಂತ ಅತ್ತೆಗೆ ತಿಳಿಯುತ್ತಿದ್ದದ್ದು ಒಂದೇ ಪದ: ಮದರ್. ತನ್ನನ್ನು ಬೈದುಕೊಂಡೇ ಹೋದನೇ? ಯಾರನ್ನಾದರೂ ಕರೆದು ಅರ್ಥ ಕೇಳಬಹುದಿತ್ತು. ಆದರೆ ಮಗನ ಬೈಗುಳವನ್ನು ಮೂರನೆಯವರ ಬಾಯಲ್ಲಿ ಕೇಳುವ ಧೈರ್ಯವಿರಲಿಲ್ಲ. ಅಂಗಡಿಯ ಮೇಲಿನ ಇಂಗ್ಲಿಷ್ ಕ್ಲಾಸಿಗೆ ಸೇರಿಕೊಂಡಳು.

ಪದಗಳೇನೋ ಬೇಗ ಬಂದವು. ಜನ ಮಾತಿಗಿಳಿದರೆ ಮಾತ್ರ ಎಲ್ಲವೂ ಕಲಸುಮೇಲೋಗರ.

"ಒಂದೊಂದೇ ಪದ ಹಿಡೀಬೇಡಿ ಅಮ್ಮ" ಎನ್ನುತ್ತಿದ್ದಳು ಟೀಚರ್. "ಮನೇಲಿ ಯಾರಾದ್ರೂ ಮಾತಾಡಿದ್ರೆ ಹಾಗೆ ಕೇಳ್ತೀರಾ? ಮಾತು ಪೂರ್ತಿ ಬರ್ಲಿ, ಬಿಡಿ."

ಕೊನೆಗೊಂದು ಸಂಜೆ, ಅದೇ ಬಾಗಿಲಾಚೆ, ಮಾತು ಪೂರ್ತಿ ಬಂತು. ಮಗ ಆಡಿದ್ದು ಇಂಗ್ಲಿಷು, ಅತ್ತೆಯೊಳಗೆ ಇಳಿದದ್ದು ಹೀಗೆ: "ಬೆಳಿಗ್ಗೆ ಅಮ್ಮನ ಜೊತೆ ಜಗಳ ಆಡ್ಬಿಟ್ಟೆ. ತಪ್ಪು ನಂದೇ. ನೀನು ಹೇಳೋಕೆ ಹೋಗ್ಬೇಡ, ನಿನಗೆ ಅವಳ ಭಾಷೆ ಬರಲ್ಲ. ಸಂಜೆ ಬಂದು ನಾನೇ ಹೇಳ್ತೀನಿ. ಗುಂಡಿ ಮಾತ್ರ ಅವಳ ಕೈಲೇ ಹಾಕಿಸ್ಕೋತೀನಿ."

ಅಳು ಒತ್ತರಿಸಿ ಬಂತು. ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಸೊಸೆ ಬೆಚ್ಚಿ ಫೋನನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಅತ್ತೆ ಪಕ್ಕದಲ್ಲಿ ಕೂತು, ಮೊಟ್ಟಮೊದಲ ಸಲ ಅವಳೊಡನೆ ಇಂಗ್ಲಿಷಿನಲ್ಲಿ ಬಾಯಿಬಿಟ್ಟಳು.

"ಪ್ಲೀಸ್. ಒನ್ಸ್ ಮೋರ್."

ಸೊಸೆ ಆ ಮುಖವನ್ನೇ ನೋಡಿದಳು. ಅತ್ತೆಗೆ ಎಲ್ಲ ತಿಳಿದಿದೆ ಎಂದು ಅವಳಿಗೂ ಅರ್ಥವಾಯಿತು. ಇಷ್ಟು ದಿನ ಹೇಳಲಾರದೆ ತಾನೊಬ್ಬಳೇ ಹೊತ್ತಿದ್ದ ಮಾತು ಅದು. ಅತ್ತೆಯ ಕೈ ಹಿಡಿದುಕೊಂಡು ಮತ್ತೆ ಹಾಕಿದಳು.

ಮಗ ಹೇಳಿ ಮುಗಿಸಿದ ಮೇಲೆ ಅತ್ತೆ ಫೋನಿನ ಕಡೆ ಬಗ್ಗಿದಳು.

"ಬಾರೋ" ಎಂದಳು. "ಹಾಕ್ಕೊಡ್ತೀನಿ."