ಕಿವಿಯಿದ್ದ ಬೋರ್ಡು

ನಾನು ಜೋರು ಬಾಯಿಯವಳು. ಇದನ್ನು ನಾನೇ ಹೇಳಬೇಕಾಗಿಲ್ಲ, ನಮ್ಮ ಬೀದಿಯ ಕೊನೆಯ ಮನೆಯವರನ್ನು ಕೇಳಿದರೂ ಹೇಳುತ್ತಾರೆ. ಅಮ್ಮ ಇದ್ದಾಗ ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ "ಮೆಲ್ಲಗೆ ಮಾತಾಡೇ" ಅಂದದ್ದೇ ಹೆಚ್ಚು. ತಮ್ಮ ಇದಕ್ಕೆ ತದ್ವಿರುದ್ಧ. ಅವನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನಾಲ್ಕು ಸಲ ಕೇಳಬೇಕು.

ಇಬ್ಬರಿಗೂ ಒಂದೇ ಕಸುಬು, ಆಸ್ಪತ್ರೆಯ ಸಣ್ಣ ಯಂತ್ರಗಳಿಗೆ ಎಲೆಕ್ಟ್ರಾನಿಕ್ ಬೋರ್ಡು ಮಾಡುವುದು. ಸರ್ಕ್ಯೂಟ್ ನನ್ನದು: ಯಾವ ಚಿಪ್ಪಿಗೆ ಏನೇನು ಸೇರಬೇಕು ಅಂತ ನಾನು ಬರೆಯುತ್ತೇನೆ. ಲೇಔಟ್ ಅವನದು: ಯಾವುದು ಎಲ್ಲಿ ಕೂರಬೇಕು, ತಾಮ್ರದ ಗೆರೆ ಯಾವ ದಾರಿ ಹಿಡಿಯಬೇಕು ಅಂತ ಅವನು ತೀರ್ಮಾನಿಸುತ್ತಾನೆ. ಏನು ಕೆಟ್ಟರೂ ನಾನು ಅವನ ದಾರಿಗಳನ್ನು ಬೈಯುತ್ತೇನೆ. ಅವನು ಮಾತಿಲ್ಲದೆ ನನ್ನ ಸರ್ಕ್ಯೂಟ್ ಹಾಳೆಯನ್ನು ತೆಗೆದು ಮುಂದಿಡುತ್ತಾನೆ.

ಈ ಸಲ ಜಗಳಕ್ಕೂ ಪುರುಸೊತ್ತಿರಲಿಲ್ಲ. ತಮ್ಮನ ಮಗಳು ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳು. ಎದೆಬಡಿತ ನೋಡಲೆಂದು ಅವಳ ಮೈಗೆ ಅಂಟುಪಟ್ಟಿ ಹಚ್ಚಿದ್ದರು. ಪಟ್ಟಿ ಬದಲಿಸುವಾಗೆಲ್ಲ ಅದರ ಜೊತೆ ಎಳೆ ಚರ್ಮವೂ ಎದ್ದು ಬರುತ್ತಿತ್ತು. ಆ ಕೆಂಪು ಗುರುತು ಕಂಡ ದಿನ ತಮ್ಮ ಊಟ ಮಾಡಲಿಲ್ಲ.

ಅಂಟಿಸದೆಯೇ, ಹಾಸಿಗೆಬಟ್ಟೆಯ ಕೆಳಗಿನಿಂದ ಎದೆಬಡಿತ ಹಿಡಿಯುವ ತೆಳು ಹಾಳೆಯೊಂದನ್ನು ನಾವು ಆ ವಾರ್ಡಿಗೆಂದೇ ಮಾಡುತ್ತಿದ್ದೆವು. ಪರೀಕ್ಷಿಸಿ ನೋಡಲು ಆಸ್ಪತ್ರೆಯವರು ಒಪ್ಪಿದ್ದರು. "ನಾಳೆ ಬೆಳಿಗ್ಗೆ ತನ್ನಿ," ಅಂದಿದ್ದರು ವಾರ್ಡಿನ ಡಾಕ್ಟರಮ್ಮ. "ಹಳೇ ಯಂತ್ರದ ಪಕ್ಕ ಇಟ್ಟು ನೋಡೋಣ. ಎರಡೂ ಒಂದೇ ಮಾತು ಹೇಳಿದ್ರೆ ಅಂಟುಪಟ್ಟಿ ತೆಗೆದುಬಿಡ್ತೀನಿ. ಇಲ್ಲಾಂದ್ರೆ ಇಲ್ಲ."

ಬಟ್ಟೆ ದಾಟಿ ಬರುವ ಎದೆಬಡಿತದ ವಿದ್ಯುತ್ತು ತೀರ ಸಣ್ಣದು. ಅದನ್ನು ಅಳೆದು ಅಂಕಿಗಳಾಗಿ ಬದಲಾಯಿಸುವುದು ಹಾಳೆಗೆ ಕೂಡಿಸಿದ ಬೋರ್ಡಿನಲ್ಲಿರುವ ಕನ್ವರ್ಟರ್ ಎಂಬ ಚಿಪ್ಪು. ಅದು ಅಳೆಯುವುದಕ್ಕೆ ಅಳತೆಗೋಲಿನ ಹಾಗೆ ಅಲುಗದ ಒಂದು ವೋಲ್ಟೇಜು ಬೇಕು. ಟೇಪೇ ಕುಣಿಯುತ್ತಿದ್ದರೆ ದರ್ಜಿ ಬಟ್ಟೆಯ ಅಳತೆ ತೆಗೆಯುವುದು ಹೇಗೆ? ನಮ್ಮ ಟೇಪು ಕುಣಿಯುತ್ತಿತ್ತು, ಅದೂ ನಾನು ಕೋಣೆಯಲ್ಲಿದ್ದಾಗ ಮಾತ್ರ.

ಮೊದಲು ನಾನು ನಂಬಲಿಲ್ಲ. ತಮ್ಮ ಒಬ್ಬನೇ ಕೂತಿದ್ದಾಗ ಅಳತೆ ತೋರಿಸುವ ಪರದೆಯ ಮೇಲಿನ ಗೆರೆ ಸಾಧುವಾಗಿ ಹರಿಯುತ್ತಿತ್ತು. ನಾನು ಚಹಾ ಹಿಡಿದು "ಏನಾಯ್ತೋ?" ಅನ್ನುತ್ತಾ ಬಂದರೆ ಚಿಂದಿಚಿಂದಿ.

"ಅಕ್ಕ, ಸ್ವಲ್ಪ ಹೊರಗೆ ಹೋಗಿ ಬಾ."

ಹೋದೆ. ಗೆರೆ ನೆಟ್ಟಗಾಯಿತು. ಬಂದೆ. ಕೆಟ್ಟಿತು.

"ನಿನ್ನ ದಾರಿಗಳೇ ಸರಿ ಇಲ್ಲ ಕಣೋ! ಆ ತಾಮ್ರದ ಗೆರೆ ಯಾಕೆ ಅಲ್ಲಿ ಸುತ್ತು ಹಾಕ್ಕೊಂಡು ಬಂದಿದೆ?"

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಅಂದ ತಮ್ಮ. ಒಂದು ವಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

ಆದರೂ ಇಬ್ಬರಿಗೂ ಕುತೂಹಲ ಹತ್ತಿಕೊಂಡಿತು. ನನ್ನಲ್ಲಿ ಅಂಥದ್ದೇನಿದೆ? ಫೋನನ್ನು ಪಕ್ಕದ ಕೋಣೆಯಲ್ಲಿಟ್ಟೆ. ಬಳೆ ತೆಗೆದೆ. ನೈಲಾನಿನ ಸೀರೆಗೆ ವಿದ್ಯುತ್ತು ಹುಟ್ಟುತ್ತದೆ ಅಂತ ಹತ್ತಿಯದು ಉಟ್ಟು ಬಂದೆ. ಚಪ್ಪಲಿ ಬಿಟ್ಟೆ. ನೆಲದ ಕಂಪನವಿರಬೇಕು ಅಂತ ಅವನು ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿದ. ಇಷ್ಟು ವಯಸ್ಸಿನಲ್ಲಿ ಸ್ಟೂಲಿನ ಮೇಲೆ ನಿಂತು, "ಮಾನ ಮರ್ಯಾದೆ ಇದೆಯೇನೋ ನಿನಗೆ?" ಎಂದು ಕೂಗಿದೆ. ಗೆರೆ ಹುಚ್ಚೆದ್ದು ಕುಣಿಯಿತು.

ನನಗೆ ರೇಗಿಹೋಯಿತು. ಇಳಿದು ಮೂಲೆಯ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತೆ. ಮಾತಾಡಲೇಬಾರದು ಅಂತ ನಿಶ್ಚಯಿಸಿಬಿಟ್ಟೆ. ಗಡಿಯಾರದ ಸದ್ದು ಕೇಳಿಸುವಷ್ಟು ಹೊತ್ತು ಹಾಗೇ ಇದ್ದೆ.

ತಮ್ಮ ಪರದೆಯನ್ನು ನೋಡಿದ, ನನ್ನನ್ನು ನೋಡಿದ. ಗೆರೆ ಸಾಧುವಾಗಿತ್ತು. ನಾನು ಕೋಣೆಯಲ್ಲೇ ಇದ್ದೆ.

"ಅಕ್ಕ, ಬೈಯಿ."

"ಏನಂದೆ?"

ಗೆರೆ ಹಾರಿತು.

"ಬೈಯಿ ನನ್ನ. ಬಾಯಿಗೆ ಬಂದ ಹಾಗೆ."

ಬೈಯೋದು ಹೇಳಿಕೊಡಬೇಕೇ? ಅವನು ಚಿಕ್ಕಂದಿನಲ್ಲಿ ನನ್ನ ರೇಡಿಯೋ ಬಿಚ್ಚಿಹಾಕಿದ್ದರಿಂದ ಶುರು ಮಾಡಿದೆ. ನನ್ನ ದನಿ ಏರಿದಂತೆ ಗೆರೆ ಏರಿತು, ಉಸಿರೆಳೆದುಕೊಳ್ಳಲು ನಿಲ್ಲಿಸಿದರೆ ಅದೂ ನಿಂತಿತು. ಗೋಡೆಗೂ ಕಿವಿ ಇರುತ್ತದೆ ಅಂತ ಕೇಳಿದ್ದೆ. ಬೋರ್ಡಿಗೂ ಇರುತ್ತದೆ ಅಂತ ಅವತ್ತೇ ಕಂಡದ್ದು. ಸಿಟ್ಟು ಎಲ್ಲಿ ಹೋಯಿತೋ, ಇಬ್ಬರೂ ಬೋರ್ಡಿನ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದೆವು.

ತಮ್ಮ ಪೆನ್ಸಿಲಿನ ಹಿಂಬದಿಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ತಟ್ಟುತ್ತಾ ಹೋದ. ಚಿಪ್ಪು ತಟ್ಟಿದ, ಏನಿಲ್ಲ. ಕನೆಕ್ಟರ್ ತಟ್ಟಿದ, ಏನಿಲ್ಲ. ಕನ್ವರ್ಟರಿನ ಪಕ್ಕ, ಎಳ್ಳಿನಷ್ಟು ದೊಡ್ಡ ಕಂದು ಕೆಪಾಸಿಟರ್ ಒಂದಿತ್ತು. ಅಳತೆಯ ವೋಲ್ಟೇಜನ್ನು ಅಲುಗದಂತೆ ಹಿಡಿದಿಡುವುದೇ ಅದರ ಕೆಲಸ. ಅದನ್ನು ಮುಟ್ಟಿದ್ದೇ ತಡ, ಗೆರೆ ಪರದೆ ಬಿಟ್ಟು ಆಚೆ ಹೋಯಿತು.

ಅದು ಸೆರಾಮಿಕ್ ಕೆಪಾಸಿಟರ್. ಆ ಜಾತಿಯ ಕೆಲವು ಸೆರಾಮಿಕ್ಕುಗಳು ನಡುಗಿದರೆ ತಾವೇ ಒಂದಿಷ್ಟು ವಿದ್ಯುತ್ತು ಹುಟ್ಟಿಸುತ್ತವೆ. ನನ್ನ ದನಿಗೆ ಬೋರ್ಡು ನಡುಗುತ್ತಿತ್ತು, ಅದರ ಜೊತೆಗೆ ಇದೂ. ಕಾವಲಿಗೆ ನಿಲ್ಲಿಸಿದವನೇ ಕನ್ನ ಹಾಕುತ್ತಿದ್ದ.

"ಇದನ್ನ ಇಲ್ಲಿ ಹಾಕಿದ್ದು ಯಾರು?" ಎಂದೆ.

ತಮ್ಮ ನನ್ನ ಸರ್ಕ್ಯೂಟ್ ಹಾಳೆಯನ್ನು ತೆಗೆದು ಮುಂದಿಟ್ಟ. ಮೊದಲ ಲೇಔಟಿನಲ್ಲಿ ಅವನು ಅಲ್ಲಿ ದಪ್ಪನೆಯ, ನಡುಗಿದರೂ ಸುಮ್ಮನಿರುವ ಫಿಲ್ಮ್ ಕೆಪಾಸಿಟರಿಗೆ ಜಾಗ ಬಿಟ್ಟಿದ್ದ. ಹಾಸಿಗೆ ಕೆಳಗೆ ಹೋಗೋ ವಸ್ತು ತೆಳ್ಳಗಿರಬೇಕು ಅಂತ ಕೂಗಾಡಿ ಸಣ್ಣದನ್ನು ಹಾಕಿಸಿದವಳು ನಾನೇ. ನನ್ನ ಬಾಯಿ ಎರಡು ಕಡೆಯಿಂದಲೂ ಕೆಲಸ ಕೆಡಿಸಿತ್ತು. ಅವನು ಡ್ರಾಯರಿನಿಂದ ಫಿಲ್ಮ್ ಕೆಪಾಸಿಟರ್ ತೆಗೆದು, ಕಂದು ಕಾಳನ್ನು ಕಿತ್ತು, ಇದನ್ನು ಅಡ್ಡ ಮಲಗಿಸಿ ಬೆಸುಗೆ ಹಾಕಿದ. ಮತ್ತೆ ಬೈದೆ. ಗೆರೆ ಅಲುಗಲಿಲ್ಲ. ಬಯಲಲ್ಲಿ ನಿಂತು ಬೈದ ಹಾಗಾಯಿತು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಹಾಳೆಯನ್ನು ಮಗುವಿನ ಹಾಸಿಗೆಬಟ್ಟೆಯ ಕೆಳಗೆ ಸರಿಸಿದೆವು. ಹಳೆಯ ಯಂತ್ರದ ಪಟ್ಟಿ ಎದೆಯ ಮೇಲೆ ಹಾಗೇ ಇತ್ತು. ಎರಡು ಪರದೆಗಳಲ್ಲೂ ಒಂದೇ ಬಡಿತ. ನನಗೆ ಕುಣಿಯುವಷ್ಟು ಖುಷಿಯಾಯಿತು. ಡಾಕ್ಟರಮ್ಮ ಮಾತ್ರ ಸಾಲದೆಂಬಂತೆ ತಲೆಯಾಡಿಸಿದರು.

"ಮಗು ನಿದ್ದೆಯಲ್ಲಿದೆ. ಬಡಿತ ಏರಿ ಇಳಿಯುವಾಗಲೂ ಎರಡೂ ಜೊತೆಯಲ್ಲೇ ಹೋಗ್ತಾವಾ, ಅದು ಗೊತ್ತಾಗ್ಬೇಕು. ಕಾಯೋಣ."

ಕಾದೆವು. ನಾನು ಬೆಳಿಗ್ಗೆಯಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆದರೆ ಪೆಟ್ಟಿಗೆಯ ಪಕ್ಕದ ಸಣ್ಣ ಕಿಂಡಿ ತೆರೆದಿತ್ತು, ಒಳಗೆ ನನ್ನ ಕಿರುಬೆರಳಷ್ಟಿದ್ದ ಕೈ ಒಮ್ಮೆ ಮುದುಡಿ ಬಿಚ್ಚಿತು. ತಡೆಯಲಾಗಲಿಲ್ಲ.

"ಪುಟ್ಟೀ, ಅತ್ತೆ ಬಂದಿದೀನಿ ಕಣೇ!"

ನಮ್ಮ ಪರದೆಯ ಮೇಲಿನ ಬಡಿತದ ಅಂಕಿ ಏರತೊಡಗಿತು. ತಮ್ಮನ ಮುಖ ಬಿಳುಚಿಕೊಂಡಿತು. "ಅಕ್ಕ, ಬಾಯಿ ಮುಚ್ಚು," ಎಂದ ಪಿಸುದನಿಯಲ್ಲಿ. ಎಲ್ಲ ಮುಗಿಯಿತು ಅಂದುಕೊಂಡು ನಾನು ಸೆರಗನ್ನು ಬಾಯಿಗೊತ್ತಿಕೊಂಡೆ.

"ಇಲ್ಲಿ ನೋಡಿ," ಅಂದಳು ಪೆಟ್ಟಿಗೆಯ ಆಚೆ ನಿಂತಿದ್ದ ನರ್ಸಮ್ಮ.

ಅವಳು ತೋರಿಸುತ್ತಿದ್ದುದು ಹಳೆಯ ಯಂತ್ರವನ್ನು. ಅಲ್ಲೂ ಅಂಕಿ ಏರುತ್ತಿತ್ತು, ನಮ್ಮದರ ಜೊತೆಜೊತೆಗೇ. ಹಳೆಯ ಯಂತ್ರದಲ್ಲಿ ನನ್ನ ಕೆಪಾಸಿಟರ್ ಎಲ್ಲಿಂದ ಬರಬೇಕು? ಈ ಸಲ ನನ್ನ ದನಿ ಕೇಳಿಸಿದ್ದು ಬೋರ್ಡಿಗಲ್ಲ. ಮಗುವಿನ ರೆಪ್ಪೆ ಅದುರುತ್ತಿತ್ತು. ಸ್ವಲ್ಪ ಹೊತ್ತಿಗೆ ಎರಡೂ ಅಂಕಿಗಳು ಒಟ್ಟಿಗೇ ಇಳಿದು ಮೊದಲಿನ ಜಾಗಕ್ಕೆ ಬಂದವು.

ಡಾಕ್ಟರಮ್ಮ ಎರಡೂ ಪರದೆಗಳನ್ನು ನೋಡಿ ನನ್ನ ಕಡೆ ತಿರುಗಿದರು. "ಇನ್ನೊಂದು ಸಲ ಹೀಗೇ ಆದ್ರೆ ಪಟ್ಟಿ ತೆಗೆದುಬಿಡ್ತೀನಿ. ನೀವು ಮಾತಾಡ್ತಾ ಇರಿ."

ಹುಟ್ಟಿದಾಗಿನಿಂದ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ನನ್ನ ದನಿಯೇ ಹೊರಡದಾಯಿತು.

"ಮಾತಾಡಕ್ಕ," ಅಂದ ತಮ್ಮ.