ಮೂವತ್ತೈದರಲ್ಲಿ ಇಪ್ಪತ್ತೆರಡು

ಗುರುಬಾಯಿಯ ಕಾಲು ಮಡಚುತ್ತಿರಲಿಲ್ಲ.

ಇಬ್ಬರು ಗಂಡಸರು ಆಕೆಯ ಒಂದೊಂದು ಮೊಳಕಾಲು ಹಿಡಿದು ಒತ್ತುತ್ತಿದ್ದರು. ಇನ್ನೊಬ್ಬ ಬೆನ್ನಿಗೆ ಆಸರೆಯಾಗಿ ಕೂತಿದ್ದ. ಕೂಡಿಸಿ ಮಣ್ಣು ಮಾಡುವ ಮನೆತನ. ಪದ್ಮಾಸನ ಹಾಕಿಸಿ, ಗೋಡೆಗೆ ಆನಿಸಿ, ಹಣೆತುಂಬ ವಿಭೂತಿ ಬಳಿದು ಮಂದಿಗೆ ಕಾಣುವಂತೆ ಕೂಡಿಸಬೇಕು. ಆದರೆ ಜೀವ ಹೋಗಿ ಆರು ತಾಸು ಕಳೆದಿತ್ತು. ಕಾಲುಗಳು ಕಟ್ಟಿಗೆಯಾಗಿದ್ದವು.

“ಜೋರ ಹಾಕ್ರಿ,” ಎಂದರು ಬಾಗಿಲಲ್ಲಿ ನಿಂತ ಯಾರೋ.

“ಬಿಡ್ರಿ. ಮುರೀತದ,” ಎಂದಳು ಸಪ್ನಾ.

ಗುರುಬಾಯಿಯ ಮಗಳು ಆಗಷ್ಟೇ ಬಂದು ತಲುಪಿದ್ದಳು. ಮೈಮೇಲೆ ಇನ್ನೂ ಖಾಕಿ ಇತ್ತು. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಿದ್ದಾಗ ತಮ್ಮ ಶಿವಪ್ರಕಾಶ ಫೋನ್ ಮಾಡಿದ್ದ. ಟಿಕೆಟ್ ಮಷೀನನ್ನು ಇನ್ನೊಬ್ಬ ಕಂಡಕ್ಟರನ ಕೈಗೆ ಕೊಟ್ಟು, ಎರಡು ಬಸ್ಸು ಬದಲಿಸಿ ನಿಂಬರ್ಗಾಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆಕೆ ಗಂಡಸರನ್ನು ಸರಿಸಿ ಅವ್ವನ ಕಾಲಬುಡದಲ್ಲಿ ಕೂತಳು. ಕುಸುಬಿ ಎಣ್ಣೆ ತರಿಸಿ ಅಂಗೈಗೆ ಸುರಿದುಕೊಂಡು, ಮೀನಖಂಡದಿಂದ ಮೇಲಕ್ಕೆ ಸಾವಕಾಶ ತಿಕ್ಕತೊಡಗಿದಳು.

ಹಿರೋಳ್ಳಿಯಿಂದ ಬಂದಿದ್ದ ಸೋದರತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಆ ದವಾಖಾನಿ ಮಷೀನು ಕಾಲ ಹಿಚುಕಿ ಹಿಚುಕಿ ಹಿಂಗ ಮಾಡ್ಯದ. ಎದಿ ಬ್ಯಾನಿಗೆ ಕಾಲಿಗೆ ಪಟ್ಟಿ ಕಟ್ತಾರೇನ್ ಯಾರರೆ? ಆರಾಮಿದ್ದಾಕಿನ್ನ ಒಯ್ದು ಮಲಗಿಸಿ ಕೊಂದ್ರು.”

ಸಪ್ನಾಳ ಕೈ ನಿಂತಿತು. ಆಕೆ ತಲೆ ಎತ್ತಿ ಅಪ್ಪನನ್ನು ನೋಡಿದಳು. ದೊಡ್ಡಪ್ಪ ಎಂಬುದು ಅವನ ಹೆಸರು. ಕಂಬಕ್ಕೊರಗಿ ಕೂತಿದ್ದ. ಅವನಿಗೆ ಎಲ್ಲ ಗೊತ್ತಿತ್ತು. ಒಂದು ಮಾತು, “ಹಂಗಲ್ಲಕ್ಕ” ಎಂದಿದ್ದರೆ ಸಾಕಿತ್ತು. ಅವನು ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು ಅಂಗಳದ ಕಡೆ ನೋಡಿದ.

ಸಪ್ನಾ ಮತ್ತೆ ಎಣ್ಣೆ ಸುರಿದುಕೊಂಡಳು. ಹಲ್ಲು ಕಚ್ಚಿ ತಿಕ್ಕಿದಳು.

*

ಎರಡು ವರ್ಷ ಆ ಎದೆನೋವಿಗೆ ಮನೆಯಲ್ಲಿ ಗ್ಯಾಸ್ ಎಂದು ಹೆಸರಿತ್ತು.

ಕೊಡ ಹೊತ್ತು ಏರು ಹತ್ತುವಾಗ, ದನದ ಸಗಣಿ ಬಳಿಯುವಾಗ, ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಗುರುಬಾಯಿಯ ಎದೆಯ ನಟ್ಟನಡುವೆ ಯಾರೋ ಮೊಣಕೈ ಊರಿದಂತಾಗುತ್ತಿತ್ತು. ಎಡತೋಳು ಜೋಮು ಹಿಡಿಯುತ್ತಿತ್ತು. ಕೂತರೆ ಇಳಿಯುತ್ತಿತ್ತು. ದೊಡ್ಡಪ್ಪ ತಾನೇ ಅಂಗಡಿಗೆ ಹೋಗಿ ಸೋಡಾ ತಂದು ಕುಡಿಸುತ್ತಿದ್ದ, ಅಂಗೈಯಲ್ಲಿ ಅಜವಾನ ತಿಕ್ಕಿ ಕೊಡುತ್ತಿದ್ದ. ಹೆಂಡತಿಯ ಮೇಲೆ ಅವನಿಗೆ ಅಕ್ಕರೆ ಇರಲಿಲ್ಲವೆಂದಲ್ಲ. ಮನೆಯನ್ನೆಲ್ಲ ಹೊತ್ತು ನಿಂತವಳಿಗೂ ದೊಡ್ಡ ಜಡ್ಡು ಬರುತ್ತದೆಂಬುದು ಅವನ ತಲೆಗೆ ಹೊಳೆದಿರಲಿಲ್ಲ, ಅಷ್ಟೆ.

ಕೊನೆಗೆ ಸಪ್ನಾ ರಜೆ ಹಾಕಿ ಅವ್ವನನ್ನು ಕಲಬುರಗಿಗೆ ಕರೆದೊಯ್ದಳು. ಹೃದಯದ ಮೂರು ರಕ್ತನಾಳ ಕಟ್ಟಿದ್ದವು. ಸಕ್ಕರೆ ಕಾಯಿಲೆಯಿಂದ ಅವುಗಳ ತುದಿಗಳು ಎಷ್ಟು ಸಣ್ಣಗಾಗಿದ್ದವೆಂದರೆ ಬೈಪಾಸ್ ಮಾಡಿದರೆ ಹೊಲಿಗೆ ಹಾಕಲು ಜಾಗವಿರಲಿಲ್ಲ, ಸ್ಟೆಂಟ್ ಕೂಡಿಸುವಂತಿರಲಿಲ್ಲ. ಡಾಕ್ಟರ್ ವ್ಯಂಕಟೇಶ ಗುಳಿಗೆ ಬರೆದುಕೊಟ್ಟು, ಕತ್ತಿ ಹಾಕದ ಇನ್ನೊಂದು ಹಾದಿ ಇದೆಯೆಂದರು. ದಿನಕ್ಕೊಂದು ತಾಸು, ವಾರಕ್ಕೆ ಐದು ದಿನ, ಒಟ್ಟು ಮೂವತ್ತೈದು ದಿನ. ಬಂದು ಮಲಗಬೇಕು, ಎದ್ದು ಮನೆಗೆ ಹೋಗಬೇಕು. ಮೀನಖಂಡ, ತೊಡೆ, ಸೊಂಟದ ಕೆಳಗೆ ದಪ್ಪ ಪಟ್ಟಿ ಕಟ್ಟುತ್ತಾರೆ. ಎದೆಗೆ ಅಂಟಿಸಿದ ತಂತಿ ಗುಂಡಿಗೆಯ ಬಡಿತ ಹೇಳುತ್ತದೆ. ಪ್ರತಿ ಬಡಿತದ ನಡುವೆ ಗುಂಡಿಗೆ ದಣಿವಾರಿಸಿಕೊಳ್ಳುವ ಆ ಚಣದಲ್ಲಿ ಪಟ್ಟಿಗಳು ಗಾಳಿ ತುಂಬಿ ಕೆಳಗಿನಿಂದ ಮೇಲಕ್ಕೆ ಕಾಲನ್ನು ಹಿಂಡುತ್ತವೆ. ರಕ್ತ ಗುಂಡಿಗೆಯ ಕಡೆ ನುಗ್ಗುತ್ತದೆ.

“ಕಟ್ಟಿದ್ದನ್ನ ಇದು ತೆಗಿಯಂಗಿಲ್ಲ,” ಎಂದಿದ್ದರು ಡಾಕ್ಟರು. “ಮಗ್ಗಲಿನ ಸಣ್ಣ ಹಾದಿಗೋಳು ತೆರಕೋಬಹುದು. ನೋವು ಕಮ್ಮಿ ಆಗಬಹುದು, ನಡಿಗಿ ಬರಬಹುದು. ಆಯುಷ್ಯದ ಗ್ಯಾರಂಟಿ ನಾ ಕೊಡಂಗಿಲ್ಲ.”

ಆಗ ಸಪ್ನಾಳಿಗೆ ನಿಂಬರ್ಗಾ–ಕಲಬುರಗಿ ಬಸ್ಸಿನ ಡ್ಯೂಟಿ. ಬೆಳಿಗ್ಗೆ ಅವ್ವನನ್ನು ಬಾಗಿಲ ಹತ್ತಿರದ ಸೀಟಿನಲ್ಲಿ ಕೂಡಿಸಿ, ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೈಯಲ್ಲಿಡುತ್ತಿದ್ದಳು. ಮಧ್ಯಾಹ್ನದ ಟ್ರಿಪ್ಪಿಗೆ ವಾಪಸ್ಸು ತರುತ್ತಿದ್ದಳು. ಪಟ್ಟಿಯ ಕೆಳಗೆ ಚರ್ಮ ತರಚಬಾರದೆಂದು ಬಿಗಿ ಪೈಜಾಮಾ ಹಾಕಬೇಕಿತ್ತು. ಅರವತ್ತೊಂದು ವರ್ಷ ಸೀರೆ ಬಿಟ್ಟು ಬೇರೆ ಕಾಣದ ಗುರುಬಾಯಿ ಮೊದಲ ದಿನ ಪರದೆಯ ಹಿಂದಿನಿಂದ ಹೊರಗೆ ಬರಲೇ ಇಲ್ಲ. ಮಷೀನು ನಡೆಸುವ ಹುಡುಗಿ ಪ್ರಾಚಿ ತನ್ನ ದುಪಟ್ಟಾ ಕೊಟ್ಟು ಸೊಂಟಕ್ಕೆ ಸುತ್ತಿಸಿ ಕರೆತಂದಿದ್ದಳು. ಆರನೆಯ ದಿನಕ್ಕೆ ಗುರುಬಾಯಿ ಆ ಮಂಚದ ಮೇಲೆ ಗೊರಕೆ ಹೊಡೆದಳು.

“ಯಾರೋ ಕೂತು ಕಾಲ ಒತ್ತಾಕತ್ತಾರ ಅನಸ್ತದಬೇ,” ಎಂದು ಬಸ್ಸಿನಲ್ಲಿ ಮಗಳ ಕಿವಿಯಲ್ಲಿ ಹೇಳಿದ್ದಳು. “ನಿಮ್ಮಪ್ಪಂದು ಒತ್ತೇನಿ, ನಮ್ಮತ್ತಿದು ಒತ್ತೇನಿ, ನಿಮ್ದೆಲ್ಲ ಒತ್ತೇನಿ. ನನ್ನ ಕಾಲ ಯಾರೂ ಒತ್ತಿದ್ದಿಲ್ಲ ನೋಡು.”

*

ಕಾಲು ಮಡಚಿದವು. ಗೋಡೆಗೆ ಆನಿಸಿ ಕೂಡಿಸಿದರು. ಹೂವಿನ ಸರದೊಳಗೆ ಗುರುಬಾಯಿಯ ಮುಖ ಸಣ್ಣದಾಗಿ ಕಂಡಿತು. ಬಂದವರೆಲ್ಲ ಕಾಲಿಗೆ ಬಿದ್ದು, ಪುಣ್ಯವಂತಿ, ಮುತ್ತೈದೆಯಾಗಿ ಹೋದಳು, ಒಂದು ದಿನ ಹಾಸಿಗೆ ಹಿಡಿಯಲಿಲ್ಲ, ನರಳಲಿಲ್ಲ ಎಂದರು. ನರಳಲಿಲ್ಲ ಎಂಬ ಮಾತು ಬಂದಾಗೆಲ್ಲ ಸಪ್ನಾ ಗೋಡೆಯ ಕಡೆ ಮುಖ ಮಾಡುತ್ತಿದ್ದಳು.

ಹೇಗೆ ಸತ್ತಳೆಂಬುದನ್ನು ಆಕೆಗೆ ಹೇಳಿದವಳು ಮಗ್ಗಲು ಮನೆಯ ಹುಸೇನಬೀ. ನಸುಕಿನಲ್ಲಿ ಗಂಡನಿಗೆ ಚಹಾ ಕೊಟ್ಟು ಗುರುಬಾಯಿ ಹಿತ್ತಲಿಗೆ ಹೋಗಿದ್ದಳು. ದೊಡ್ಡಪ್ಪ ಚಹಾ ಕುಡಿದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಕಟ್ಟೆಗೆ ಹೋಗಿ ಪೇಪರ್ ಓದಿ ಬಂದಿದ್ದ. ಶಿವಪ್ರಕಾಶ ಆಳಂದದ ತನ್ನ ಗೊಬ್ಬರದ ಅಂಗಡಿ ತೆರೆಯಲು ಹೊರಟು ನಿಂತಿದ್ದ. ಒಂಬತ್ತಾದರೂ ತಾಟು ಬಾರದ್ದಕ್ಕೆ ಅಪ್ಪ ಮಗ ಇಬ್ಬರೂ ಕೂಗಿದ್ದರು. ಆ ಕೂಗು ಕೇಳಿ ಹಿತ್ತಲ ಬೇಲಿಯಿಂದ ಇಣುಕಿದವಳು ಹುಸೇನಬೀ. ಗುರುಬಾಯಿ ಮೇವಿನ ಬಣವೆಗೆ ಒರಗಿ ಕೂತಂತೆ ಬಿದ್ದಿದ್ದಳು.

“ಮೂರು ತಾಸು,” ಎಂದಳು ಹುಸೇನಬೀ, ಸಪ್ನಾಳಿಗಷ್ಟೇ ಕೇಳುವಂತೆ. “ಬಕರಿ ತಪ್ಪಿಸ್ಕೊಂಡ್ರ ಅರ್ಧ ತಾಸಿನಾಗ ಹುಡಕ್ತೇವಿ.”

ಇದೇ ಹುಸೇನಬೀಯ ಬಾಗಿಲು ಗುರುಬಾಯಿಯ ಮೂರನೆಯ ನಿಲ್ದಾಣವಾಗಿತ್ತು. ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಆಕೆ ಹಿಟ್ಟಿನ ಗಿರಣಿಯ ಹತ್ತಿರ ಒಮ್ಮೆ, ಹಣಮಂತ ದೇವರ ಗುಡಿಯ ಮುಂದೊಮ್ಮೆ, ಹುಸೇನಬೀಯ ಕಟ್ಟೆಯ ಮೇಲೊಮ್ಮೆ ಕೂತು ಎದೆ ಸವರಿಕೊಳ್ಳುತ್ತಿದ್ದಳು. ಚಿಕಿತ್ಸೆಯ ಹದಿನೈದನೆಯ ದಿನ ಗಿರಣಿ ದಾಟಿದಳು. ಹದಿನೆಂಟಕ್ಕೆ ಗುಡಿ ದಾಟಿದಳು. ಇಪ್ಪತ್ತನೆಯ ದಿನ ಹುಸೇನಬೀ ನೀರಿನ ತಂಬಿಗೆ ಹಿಡಿದು ಕಾಯುತ್ತಿದ್ದರೆ ಅವಳೆದುರೇ ನಗುತ್ತ ನಡೆದುಹೋದಳು. ಸಂಜೆ ಹೊಲಕ್ಕೆ ಹೋಗಿ ತೊಗರಿ ಹೂ ನೋಡಿ ಬಂದಳು, ಒಬ್ಬಳೇ.

ಅಷ್ಟಾದದ್ದೇ ಆಕೆಗೆ ಮುಳುವಾಯಿತು.

*

ಶಿವಪ್ರಕಾಶನ ಹೆಂಡತಿ ಸೃಷ್ಟಿ ಆಗ ಏಳು ತಿಂಗಳ ಬಸುರಿ. ಸೀಮಂತದ ಕುಬಸದ ಕಾರ್ಯಕ್ಕೆ ದಿನ ಗೊತ್ತಾಯಿತು. ಸೃಷ್ಟಿಯ ತವರು ಅತನೂರದಿಂದ ಐವತ್ತು ಮಂದಿ ಬರುವವರಿದ್ದರು. ಗುರುಬಾಯಿಯ ಇಪ್ಪತ್ತೆರಡು ದಿನ ಮುಗಿದಿದ್ದವು.

“ನಡು ನಾಕ ದಿನ ಬಿಟ್ರ ಮಷೀನ ಓಡಿ ಹೋಗ್ತದೇನು?” ಎಂದಿದ್ದ ದೊಡ್ಡಪ್ಪ. “ಈಗ ಆರಾಮ ಆಗ್ಯಾಳಲ್ಲ. ಹೊಲಕ್ಕ ಹೋಗಿ ಬರ್ತಾಳ.”

ಕುಬಸವಾಯಿತು. ಸೃಷ್ಟಿ ಬಾಣಂತನಕ್ಕೆ ತವರಿಗೆ ಹೋದಳು. ಇನ್ನು ಒಲೆಯ ಮುಂದೆ ಕೂಡುವ ಇನ್ನೊಂದು ಕೈ ಇರಲಿಲ್ಲ. ದಿನಾ ಪೇಟೆಗೆ ಹೋಗಿ ಮಲಗಿ ಬರುವ ಹೆಂಗಸು, ಈ ವಯಸ್ಸಿನಲ್ಲಿ ಚೊಣ್ಣ ಹಾಕಿಕೊಳ್ಳುತ್ತಾಳಂತೆ ಎಂಬ ಮಾತು ಓಣಿಯಲ್ಲಿ ಎದ್ದಿತ್ತು. ಅದು ದೊಡ್ಡಪ್ಪನ ಕಿವಿಗೂ ಬಿದ್ದಿತ್ತು. ನಾಲ್ಕು ದಿನ ಎರಡು ವಾರವಾಯಿತು. ಅದೇ ಹೊತ್ತಿಗೆ ಸಪ್ನಾಳಿಗೆ ಜೇವರ್ಗಿ ಬಸ್ಸಿನ ಡ್ಯೂಟಿ ಬಿತ್ತು, ಅಲ್ಲೇ ಉಳಿಯಬೇಕಾಯಿತು. ಆಸ್ಪತ್ರೆಯಿಂದ ಪ್ರಾಚಿ ಎರಡು ಸಲ ಫೋನ್ ಮಾಡಿ, ಪೂರ್ತಿ ಮಾಡಿಸಿರಿ, ಅರ್ಧಕ್ಕೆ ಬಿಡಬೇಡಿರಿ ಎಂದಳು. ಸಪ್ನಾ ಅವ್ವನಿಗೆ ಫೋನ್ ಮಾಡಿದರೆ ಗುರುಬಾಯಿ, ಆರಾಮ ಅದೀನಿಬೇ, ಎನ್ನುತ್ತಿದ್ದಳು. ಮಾತಿನ ನಡುವೆ ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು. ಬರುವ ಐತವಾರ ಹೋಗಿ ಅಪ್ಪನ ಜೊತೆ ಜಗಳ ಮಾಡಿಯಾದರೂ ಕರೆತರುತ್ತೇನೆಂದುಕೊಂಡಳು. ಅಂಥ ಎಂಟು ಐತವಾರ ಕಳೆದವು. ಇವತ್ತು ಆಕೆಯ ಒಳಗೆ ಉರಿಯುತ್ತಿದ್ದ ಸಿಟ್ಟಿನಲ್ಲಿ ಆ ಎಂಟು ಐತವಾರಗಳೂ ಇದ್ದವು.

*

ಹೊಲದಲ್ಲಿ ತೊಗರಿ ಒಣಗಿ ಗಲಗಲ ಅನ್ನುತ್ತಿತ್ತು. ಬದುವಿನ ಮಗ್ಗಲು ಕುಣಿ ತೋಡಿದ್ದರು. ಭಜನೆಯವರು ನಿಂತರು. ಗುರುಬಾಯಿಯನ್ನು ಇಳಿಸಿ, ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟರು. ಮಠದ ಅಯ್ಯನವರು ಮಂತ್ರ ಹೇಳಿದರು. ಬಿಲ್ವಪತ್ರೆ, ವಿಭೂತಿ, ಆಮೇಲೆ ಮಣ್ಣು.

ಪದ್ಧತಿಯಂತೆ ದೊಡ್ಡಪ್ಪನಿಗೆ ನಾಲ್ಕು ಮಾತಾಡಲು ಹೇಳಿದರು. ಊರಲ್ಲಿ ಶರಣರ ಮೇಲೆ ಭಾಷಣ ಮಾಡುವವನು ಅವನು. ಗುರುಬಾಯಿ ಕಾಯಕಜೀವಿ, ನಲವತ್ತು ವರ್ಷ ಬಂದವರಿಗೆಲ್ಲ ದಾಸೋಹ ಮಾಡಿದಳು, ಕಡೆಯ ದಿನದವರೆಗೆ ಕೈ ಕೆಳಗಿಡಲಿಲ್ಲ ಎಂದ. ದನಿ ನಡುಗಿತು, ಆ ಅಳು ಸುಳ್ಳಲ್ಲವೆಂದು ಸಪ್ನಾಳಿಗೆ ಗೊತ್ತಿತ್ತು. ಆಮೇಲೆ ಅವನು ಟವೆಲಿನಿಂದ ಕಣ್ಣೊರೆಸಿಕೊಂಡು, ಮಗಳ ಮಾತು ಕೇಳಿ ಆ ಮಷೀನಿಗೆ ಹಾಕಿದ್ದೊಂದು ತಪ್ಪಾಯಿತು, ಶಿವನಿಚ್ಛೆ, ಎಂದ.

“ಇಪ್ಪತ್ತೆರಡು,” ಎಂದಳು ಸಪ್ನಾ.

ಮಂದಿ ತಿರುಗಿ ನೋಡಿದರು. ಆಕೆ ಹಿಡಿಯಲ್ಲಿದ್ದ ಮಣ್ಣನ್ನು ಇನ್ನೂ ಹಾಕಿರಲಿಲ್ಲ.

“ಮೂವತ್ತೈದರಾಗ ಇಪ್ಪತ್ತೆರಡು ಆಗಿದ್ದವಪ್ಪ. ಹದಿಮೂರು ಉಳದಿದ್ದವು. ಹದಿಮೂರು ತಾಸು. ನೀವೆಲ್ಲ ಕೂಡಿ ಆಕಿಗೆ ಹದಿಮೂರು ತಾಸು ಕೊಡಲಿಲ್ಲ.”

ಶಿವಪ್ರಕಾಶ ಆಕೆಯ ತೋಳು ಹಿಡಿದ. ಅಕ್ಕ, ಇಲ್ಲಿ ಬೇಡ, ಎಂದ.

“ಮತ್ತೆಲ್ಲಿ ಹೇಳಲಿ? ಮಾಡಿಸಿದ್ರೂ ಸಾಯ್ತಿದ್ಲೇನೋ. ನನಗ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆದ್ರ ನಡೀತಿದ್ಲು. ಎಲ್ಲೂ ನಿಲ್ಲದಂಗ ಮನಿ ತನಕ ನಡಕೊಂತ ಬರ್ತಿದ್ಲು. ಅದನ್ನ ನೋಡಿ ನೀವು, ಆರಾಮ ಆಗ್ಯಾಳ, ಒಲಿ ಮುಂದ ಕೂಡಲಿ ಅಂದ್ರಿ. ನಾನೂ ಸುಮ್ಮನಿದ್ದೆ. ಮಷೀನಿನ ಮ್ಯಾಲ ಹಾಕಬ್ಯಾಡ್ರಿ ಅಷ್ಟೆ.”

ಹಿರೋಳ್ಳಿಯ ಅತ್ತೆ ಸೆರಗು ಬಾಯಿಗಿಟ್ಟುಕೊಂಡಳು. ಹೆಂಗಸರ ಹಿಂದೆ ದೂರ ನಿಂತಿದ್ದ ಹುಸೇನಬೀ ಮುಂದೆ ಬಂದು, ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಕುಣಿಗೆ ಹಾಕಿದಳು. ಸಪ್ನಾ ತನ್ನ ಹಿಡಿ ಬಿಚ್ಚಿದಳು. ದೊಡ್ಡಪ್ಪ ನೆಲ ನೋಡುತ್ತ ನಿಂತಿದ್ದ.

*

ಮನೆಗೆ ಬಂದಾಗ ಬಿಸಿಲು ಓರೆಯಾಗಿತ್ತು. ಕೈಕಾಲು ತೊಳೆದು ಗಂಡಸರು ಪಡಸಾಲೆಯಲ್ಲಿ ಕೂತರು. ಅಫಜಲಪುರದ ಕಡೆಯವರು, ಹಿರೋಳ್ಳಿಯವರು ಬಸ್ಸಿಗೆ ಹೊರಡಬೇಕಿತ್ತು; ಬೆಳಿಗ್ಗೆಯಿಂದ ಯಾರೂ ಉಂಡಿರಲಿಲ್ಲ. ಓಣಿಯವರು ಕೊಟ್ಟ ಅನ್ನ ಸಾಲದೆಂದು ಯಾರೋ ಪಿಸುಗುಟ್ಟಿದರು. ಇಂಥ ದಿನ ಈ ಮನೆಯಲ್ಲಿ ಒಲೆ ಹೊತ್ತಿಸುವುದು ಹೇಗೆಂದು ಇನ್ನೊಬ್ಬರು ಅನುಮಾನಿಸಿದರು.

ದೊಡ್ಡಪ್ಪ ಗಂಟಲು ಸರಿಪಡಿಸಿಕೊಂಡ. ಹೊಲದಿಂದ ಇಲ್ಲಿಯವರೆಗೆ ಅವನು ಆಡಿದ ಮೊದಲ ಮಾತು ಅದು.

“ನಮ್ಮಲ್ಲಿ ಸೂತಕ ಇಲ್ಲ. ಶರಣರು ಅದನ್ನೆಲ್ಲ ತೆಗದಾರ. ಸಪ್ನಾ, ನಾಕು ರೊಟ್ಟಿ ಬಡಿಯವ್ವ. ಮಂದಿ ಹಸದಾರ.”

ಸಪ್ನಾ ಎದ್ದು ಒಳಗೆ ಹೋದಳು. ಹಿಟ್ಟಿನ ಡಬ್ಬಿ ತೆರೆದ ಸಪ್ಪಳ ಕೇಳಿತು. ಮಂದಿ ನಿರಾಳವಾದರು, ಒಬ್ಬಿಬ್ಬರು ಗೋಡೆಗೆ ಬೆನ್ನು ಆನಿಸಿದರು. ಆಕೆ ದೊಡ್ಡ ಪರಾತದ ತುಂಬ ಜೋಳದ ಹಿಟ್ಟು ಸುರಿದುಕೊಂಡು ಹೊರಗೆ ಬಂದಳು. ಅದನ್ನು ಪಡಸಾಲೆಯ ನಡುವೆ, ಅಪ್ಪ ಮತ್ತು ತಮ್ಮನ ಮುಂದೆ ಇಟ್ಟಳು. ಮಗ್ಗಲಲ್ಲಿ ನೀರಿನ ತಂಬಿಗೆ ಇಟ್ಟಳು. ಆಮೇಲೆ ಹೊಸ್ತಿಲ ಮೇಲೆ ಕೂತು, ಖಾಕಿ ಷರ್ಟಿನ ತೋಳಿನಿಂದ ಮುಖ ಒರೆಸಿಕೊಂಡಳು.

ದೊಡ್ಡಪ್ಪ ಪರಾತವನ್ನು ನೋಡಿದ, ಮಗಳನ್ನು ನೋಡಿದ. ಅತ್ತೆ ಏಳಲು ಹೋದಳು. ಹುಸೇನಬೀ ಆಕೆಯ ಮೊಳಕಾಲ ಮೇಲೆ ಕೈಯಿಟ್ಟಳು.

ಕೊನೆಗೆ ಶಿವಪ್ರಕಾಶ ಅಂಗಿಯ ತೋಳು ಮಡಚಿದ. ತಂಬಿಗೆಯ ತಣ್ಣೀರನ್ನು ಹಿಟ್ಟಿಗೆ ಸುರಿದ. ಎರಡೂ ಕೈ ಹಾಕಿ ಕಲಸಿದ. ಕುದಿಯುವ ನೀರಿಲ್ಲದೆ ಜೋಳದ ಹಿಟ್ಟು ಕೂಡುವುದಿಲ್ಲವೆಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ. ಅವನು ಒಂದು ಉಂಡೆ ಮಾಡಿ ಅಂಗೈಯಲ್ಲಿ ಒತ್ತಿದ. ಅಂಚು ಸೀಳಿತು. ಮತ್ತೆ ಕೂಡಿಸಿ ಒತ್ತಿದ. ನಡುವೆ ಬಿರುಕು ಬಿಟ್ಟಿತು. ದೊಡ್ಡಪ್ಪ ಮಗನ ಕೈಯಿಂದ ಅದನ್ನು ತೆಗೆದುಕೊಂಡು ತನ್ನ ಎರಡೂ ಅಂಗೈಗಳ ನಡುವೆ ಹಿಡಿದ, ಮೆಲ್ಲಗೆ ತಟ್ಟಿದ. ಹಿಟ್ಟು ಪುಡಿಯಾಗಿ, ಅವನ ಬೆರಳುಗಳ ಸಂದಿಯಿಂದ ಧೋತರದ ಮೇಲೆ ಉದುರುತ್ತಿತ್ತು. ಅವನು ತಟ್ಟುತ್ತಲೇ ಇದ್ದ.