ಬ್ರಷ್ ಎತ್ತಿದ ಜಾಗ

ಹೆಂಡತಿ ಪುಟ್ಟಬಸಮ್ಮನ ಕಣ್ಣು ಮಬ್ಬಾದಾಗ, ಲಾಸ್ಯಳ ತಂದೆ ಶಿವಲಿಂಗಯ್ಯ ಅಂಗಡಿ ಬೋರ್ಡು ಬರೆಯುವ ಬ್ರಷ್ಷನ್ನೇ ಪಡಸಾಲೆಗೆ ತಂದು ಕೂತರು. ಚಾಮರಾಜಪುರಂನಿಂದ ಮಂಡಕಳ್ಳಿಯವರೆಗೆ ಅವರ ಅಕ್ಷರದ ಗುರುತು ಎಲ್ಲರಿಗೂ ಇತ್ತು. ದಪ್ಪ ಮೈ, ಉರುಟು ತುದಿ, ಎಲ್ಲೂ ಚೂಪಿಲ್ಲ. ಎಷ್ಟೇ ದಪ್ಪವಾದರೂ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಮುಚ್ಚಬಾರದು, ಮುಚ್ಚಿದರೆ ದೂರಕ್ಕೆ ಬರೀ ಮಸಿ ಕಾಣುತ್ತದೆ ಎನ್ನುತ್ತಿದ್ದರು. ಹೆಂಡತಿ ಪ್ರತಿವರ್ಷ ಮಠದಲ್ಲಿ ರಾಗವಾಗಿ ಓದುವ ಅರವತ್ತು ಪದ್ಯಗಳನ್ನು ಅದೇ ಅಕ್ಷರದಲ್ಲಿ ಹಾಳೆಗೊಂದರಂತೆ ಬರೆಯತೊಡಗಿದರು. ನಲವತ್ತೊಂದು ಮುಗಿದಿತ್ತು. ಒಂದು ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲ.

ಬರುವ ಸೋಮವಾರ ಅವರ ವರ್ಷದ ಸ್ಮರಣೆ. ಅರವತ್ತನ್ನೂ ಓದಿ ಮುಗಿಸುತ್ತೇನೆಂದು ಪುಟ್ಟಬಸಮ್ಮ ಮಠದ ಗದ್ದುಗೆಯ ಮುಂದೆ ಹೇಳಿಕೊಂಡುಬಿಟ್ಟಿದ್ದರು. ಪುಸ್ತಕದ ಅಕ್ಷರ ಅವರಿಗೆ ಕಾಣದು. ಹಾಗಾಗಿ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಲಾಸ್ಯ, ಅಪ್ಪನ ಒಂದೊಂದು ಅಕ್ಷರವನ್ನೂ ಕಂಪ್ಯೂಟರಿಗೆ ಇಳಿಸಿ ಫಾಂಟ್ ಮಾಡಿದಳು. ಹಾಳೆಗಳಲ್ಲಿ ಸಿಗದ ಝಕಾರ ಜಯಲಕ್ಷ್ಮಿಪುರಂನ ‘ಝೇಂಕಾರ’ ಎಂಬ ಸಂಗೀತ ಶಾಲೆಯ ಹಳೇ ಬೋರ್ಡಿನಲ್ಲಿ ಸಿಕ್ಕಿತು. ಉಳಿದ ಹತ್ತೊಂಬತ್ತು ಪದ್ಯಗಳನ್ನು ಮುದ್ರಿಸಿ ಶನಿವಾರ ತಾಯಿಯ ಮುಂದಿಟ್ಟಳು.

ನಲವತ್ತೊಂದರವರೆಗೆ ದನಿ ಹೇಗೋ ಸಾಗಿತು. ನಲವತ್ತೆರಡರ ಎರಡನೇ ಸಾಲಿಗೆ ಉಸಿರು ಕಟ್ಟಿತು. ಮತ್ತೆ ಹಿಡಿದರು, ಮತ್ತೆ ಅಲ್ಲೇ.

“ಅಕ್ಷರ ನಿಮ್ಮಪ್ಪಂದೇ ಕಣಮ್ಮ,” ಎಂದರು ಪುಟ್ಟಬಸಮ್ಮ, ಹಾಳೆ ಸವರುತ್ತ. “ಓದ್ಸೋರು ಅವರಲ್ಲ.”

ತಾನು ಅಡುಗೆಮನೆಯಲ್ಲಿ ಪದ್ಯ ಹೇಳಿಕೊಳ್ಳುವಾಗ ಅವರು ಕೇಳಿಸಿಕೊಂಡೇ ಬರೆಯುತ್ತಿದ್ದರಂತೆ. ತಾನು ಉಸಿರೆಳೆದುಕೊಂಡಾಗ ಅವರೂ ಬ್ರಷ್ ಎತ್ತುತ್ತಿದ್ದರಂತೆ.

ಲಾಸ್ಯ ಅಪ್ಪನ ಹಾಳೆಯೊಂದನ್ನೂ ತನ್ನದೊಂದನ್ನೂ ಪಕ್ಕಪಕ್ಕ ಹಿಡಿದಳು. ಅಪ್ಪನ ಪದಗಳ ನಡುವೆ ಕೆಲವೆಡೆ ಜಾಗ ಹೆಚ್ಚು. ವಯಸ್ಸಾದ ಕೈ, ಅಳತೆ ತಪ್ಪಿದೆ ಎಂದುಕೊಂಡು ಅವಳು ತನ್ನ ಹಾಳೆಗಳಲ್ಲಿ ಎಲ್ಲ ಸಮ ಮಾಡಿದ್ದಳು. ಸಮ ಮಾಡುವಾಗ ಒಂಚೂರು ನಕ್ಕಿದ್ದೂ ನೆನಪಾಯಿತು.

“ಇನ್ನೊಂದ್ಸಲ ಹೇಳಮ್ಮ. ನಾನು ಕೇಳಿಸ್ಕೋತೀನಿ.”

ಭಾನುವಾರವಿಡೀ ತಾಯಿ ಹೇಳಿದರು, ಮಗಳು ಅವರು ನಿಂತಲ್ಲೆಲ್ಲ ಜಾಗ ಬಿಟ್ಟಳು. ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದರು. ಒಂದೊಂದು ಪದ್ಯಕ್ಕೆ ಎರಡೆರಡು ಹಾಳೆ ಬೇಕಾಯಿತು.

ಸೋಮವಾರ ಮಠದಲ್ಲಿ ಪುಟ್ಟಬಸಮ್ಮ ಅರವತ್ತನ್ನೂ ಓದಿದರು. ಗಂಡನ ಹಾಳೆಗಳಲ್ಲೇ ನಾಲ್ಕು ಕಡೆ ದನಿ ಮುರಿಯಿತು. ಲಾಸ್ಯಳ ಹಾಳೆಗಳಲ್ಲಿ ಎಲ್ಲೂ ಮುರಿಯಲಿಲ್ಲ, ನಿಧಾನವಾಯಿತು ಅಷ್ಟೆ. ಮುಗಿದ ಮೇಲೆ ನಲವತ್ತೊಂದು ಹಾಳೆಗಳನ್ನು ಬೇರೆ ಮಾಡಿ, ಬಿಳಿ ವಸ್ತ್ರದಲ್ಲಿ ಸುತ್ತಿ ಮಗಳ ಕೈಗಿಟ್ಟರು.

“ಇವನ್ನೂ ನಿನ್ನ ಮಿಷನ್ನಲ್ಲೇ ಮಾಡ್ಬುಡು ಮಗಾ,” ಎಂದರು. “ಅವರಿಗೆ ಗೊತ್ತಿದ್ದ ಉಸ್ರು ಈಗ ನನ್ನ ಹತ್ರ ಇಲ್ಲ.”